ಹಿಂಡಿ ಅಂದ್ರ ಅಲ್ಲಿ ‘ಇಲ್ಲ’ ಅಂತ!

ಓದುಗರ ಪ್ರಶ್ನೆ, ಅಕ್ಕನ ಉತ್ತರ

ನಮಸ್ಕಾರ್ರಿ ಎಲ್ಲಾರಿಗೂ. ಫಿಲಿಪ್ಪೀನ್ಸ್‌ಕ್ಕ ಓದ್ಲಾಕ ಹೋಗೋರ ಪತ್ರ ಈ ಸಲ ರಗಡ ಬಂದಾವ, ಹಿಂಗಾಗಿ ಈ ಕಂತು ಪೂರ್ತಿ ಅದಕ್ಕೇ ಬಿಟ್ಟೀನಿ. ಹೊಸಬರಿಗಿ ಒಂದ್ ಮಾತು ಹೇಳಿಬಿಡ್ತೀನಿ, ನಾನು ಆಳಂದ ತಾಲೂಕಿನಾಕಿ, ತೊಗರಿ ಹೊಲದಾಗ ಬೆಳೆದಾಕಿ, 2012 ರಿಂದ 2016 ರ ತನಕ ಲೋಸ್ ಬಾನ್ಯೋಸ್ ಅನ್ನೋ ಊರಾಗ ಕೃಷಿ ವಿಜ್ಞಾನ ಓದಿ ಬಂದೀನಿ, ಮನಿಲಾದಿಂದ ಅರವತ್ತು ಕಿಲೋಮೀಟರ್ ಚಿಲ್ಲರ್ ಆಗ್ತದ. ನಾ ಉಂಡದ್ದು, ಉಟ್ಟದ್ದು, ತೋಯಿಸ್ಕೊಂಡದ್ದು ಹೇಳ್ತೀನಿ. ಇವತ್ತಿನ ವಿಮಾನದ ರೇಟ್ ಮಾತ್ರ ನನಗ ಕೇಳಬ್ಯಾಡ್ರಿ.

ಪ್ರಶ್ನೆ: ಅಕ್ಕಾರ, ನನ್ನ ಮಗಳಿಗಿ ಆಗಸ್ಟ್‌ದಾಗ ಅಲ್ಲಿ ಎಂಎಸ್‌ಸಿ ಶುರು ಆಗ್ತದ. ನಮ್ಮ ಬಿಸಿಲಿನಾಗ ಬೆಳೆದಾಕಿ, ಅಲ್ಲೀ ಸೆಕಿ ಏನ್ ಮಾಡ್ತದ ಅಂತ ಅವರಪ್ಪ ಅಂತಾರ, ನನಗ ಧೈರ್ಯ ಸಾಲವಲ್ದು. ಐವತ್ತು ಖಡಕ್ ರೊಟ್ಟಿ, ಎರಡು ಕಿಲೋ ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಬೇಕಂತ ಮಾಡೀನಿ. ಮತ್ತೇನೇನು ಕಳಸ್ಲಿ? (ಒಬ್ಬ ತಾಯಿ, ಅಫಜಲಪುರ)

ಅವ್ವಾರ, ಮದಲ ರೊಟ್ಟಿ ಮಾತು ಮುಗಿಸ್ತೀನಿ. ಐವತ್ತು ಬ್ಯಾಡ್ರಿ. ನಮ್ಮವ್ವ ಅರವತ್ತು ಕಟ್ಟಿದ್ಲು, ಬಿಳಿ ಅರಿವ್ಯಾಗ ಸುತ್ತಿ, ಮ್ಯಾಲ ಖೋಕಾ, ಖೋಕಾದ ಮ್ಯಾಲ ಸುತಳಿ. ಹೈದ್ರಾಬಾದ್ ತನಕ ರೈಲಿನಾಗ ತೊಡಿ ಮ್ಯಾಲೇ ಇಟ್ಕೊಂಡು ಹೋದೆ, ಒಂದು ಚೂರ ಮುರೀಲಿಲ್ಲ. ಅಲ್ಲಿಗಿ ಹೋಗಿ ನಾಕನೇ ದಿನ ಒಂದು ರೊಟ್ಟಿ ತಗದು ಮುರಿಬೇಕಂತ ಹೋದ್ರ ಅದು ಮುರೀಲೇ ಇಲ್ಲ, ಬಾಗಿತು! ಖಡಕ್ ರೊಟ್ಟಿ ಬಾಗೋದು ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ. ಒಂಬತ್ತನೇ ದಿನಕ್ಕ ಅಂಚಿಗಿ ಹಸರು ಬೂಷ್ಟು. ಮೂವತ್ತೆಂಟು ರೊಟ್ಟಿ ಕಸದ ಚೀಲದಾಗ ಹಾಕಿ ಬಂದು ಮಂಚದ ಮ್ಯಾಲ ಕುಂತೆ, ಅವತ್ತು ಫೋನಿನಾಗ ಅವ್ವ ಕೇಳಿದ್ಲು ರೊಟ್ಟಿ ಉಂಡಿಯೇನಂತ, ಉಂಡೀನಿ ಅಂದೆ.

ಮನಿಯವ್ರು ಬಿಸಿಲಿನ ಲೆಕ್ಕ ಹಾಕ್ಲತ್ತಾರ, ಖರೇ ಹಾಕಬೇಕಾದ್ದು ಹಸಿ ಲೆಕ್ಕ. ನಮ್ಮಲ್ಲಿ ಮೇ ತಿಂಗಳದಾಗ 42, 43 ಡಿಗ್ರಿ ಆಗ್ತದ, ಅಲ್ಲಿ 34, 35 ದಾಟೋದು ಅಪರೂಪ. ಆದ್ರ ನಮ್ಮ ಗಾಳಿ ಒಣ ಗಾಳಿ, ಬಂದ ಬೆವರು ಬಂದಲ್ಲೇ ಆರ್ತದ, ಆರುವಾಗ ಮೈಯಾಗಿನ ಸೆಕಿ ಹೊತ್ಕೊಂಡು ಹೋಗ್ತದ, ಬೇವಿನ ಗಿಡದ ತೆಳಗ ಕುಂತ್ರ ಜೀವ ಬಂದಂಗ ಆಗ್ತದ. ಅಲ್ಲಿ ಗಾಳಿಯೇ ನೀರು ಕುಡದು ಕುಂತಿರ್ತದ, ಬೆವರು ಆರಂಗಿಲ್ಲ, ನೆಳ್ಳಿನಾಗೂ ಅದೇ ಕಥಿ. ಮೈ ಯಾವಾಗ್ಲೂ ಜಿಗಿಜಿಗಿ. ಜಳಕ ಮಾಡಿ ಹೊರಗ ಬಂದ್ರ ಒರಸ್ಕೊಂಡದ್ದು ನೀರೋ ಬೆವರೋ ಗೊತ್ತಾಗಂಗಿಲ್ಲ.

ಅದಕ್ಕ ಜೀನ್ಸ್ ಒಂದೇ ಸಾಕು, ಅದು ಮಳಿಗಾಲದಾಗ ಮೂರು ದಿನ ಒಣಗಂಗಿಲ್ಲ. ತೆಳ್ಳನ್ನ ಕಾಟನ್ ಕಳಸ್ರಿ. ಚರ್ಮದ ಚಪ್ಲಿ ಬ್ಯಾಡ, ನಂದು ಕಪಾಟಿನಾಗ ಬಿಳಿ ಗಡ್ಡ ಬಿಟ್ಟಿತ್ತು. ಮಾರ್ಕ್ಸ್‌ಕಾರ್ಡ್ ಪ್ಲಾಸ್ಟಿಕ್ ಕವರಿನಾಗ ಹಂಗೇ ಇಟ್ರ ಶಾಯಿ ಪ್ಲಾಸ್ಟಿಕ್ಕಿಗಿ ಅಂಟ್ತದ, ನಡುವ ಕಾಗದ ಹಾಕ್ರಿ. ತೊಡಿಸಂದಿ, ಬಗಲಾಗ ಗಜಕರ್ಣ ಎದ್ದೇ ಏಳ್ತದ, ಹುಡಗಿಗಿ ಮದಲೇ ಹೇಳಿರ್ರಿ, ನಾಚ್ಕೊಂಡು ಮುಚ್ಚಿಟ್ಕೊಂಡ್ರ ಹಬ್ತದ. ಇಲ್ಲಿ ಮೆಡಿಕಲ್ ಅಂಗಡ್ಯಾಗ ಕೇಳಿದ ಕೂಡ್ಲೇ ಕೊಡ್ತಾರಲ್ಲ, ಸ್ಟೀರಾಯ್ಡ್ ಕೂಡಿಸಿದ ಟ್ಯೂಬು, ಅದು ಮಾತ್ರ ಕಟ್ಟಬ್ಯಾಡ್ರಿ, ಎರಡು ದಿನ ತುರಿಕಿ ನಿಂತಂಗ ಆಗಿ ಆಮ್ಯಾಲ ದುಪ್ಪಟ್ಟಾಗ್ತದ.

ಹಸಿ ಅಂದ್ರ ಏನಂತ ನನಗ ತಿಳಿದದ್ದು ಅಲ್ಲೀ ಬೀಜ ಭಂಡಾರದಾಗ. ಲೋಸ್ ಬಾನ್ಯೋಸ್‌ದಾಗ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದ, ಇರ್ರಿ ಅಂತಾರ (ನಮ್ಮ ಮಂದಿಗಿ ಹೆಸರು ಕೇಳಿದ ಕೂಡ್ಲೇ ‘ಎಲ್ಲಿ ಇರ್ರಿ’ ಅಂತ ನಗು ಬರ್ತದ). ಅಲ್ಲಿ 1,30,000 ಕ್ಕಿಂತ ಹೆಚ್ಚು ನಮೂನಿ ಭತ್ತದ ಬೀಜ ಕಾಯ್ದು ಇಟ್ಟಾರ, ಮದಲು 15 ಡಿಗ್ರಿ ತಂಪಿನಾಗ, ಶೇಕಡಾ 15 ರಷ್ಟೇ ತೇವ ಇರೋ ಖೋಲ್ಯಾಗ ಒಣಗಸ್ತಾರ, ಆಮ್ಯಾಲ ಭಾಳ ವರ್ಷಕ್ಕಂತ ಇಡೋದನ್ನ ಸೊನ್ನಿ ತೆಳಗ 20 ಡಿಗ್ರಿಗಿ ಇಡ್ತಾರ. ಆ ಖೋಲಿ ಬಾಗಿಲು ತಗದಾಗ ಮೂಗಿಗಿ ಬಡದ ಒಣ ಗಾಳಿ, ಥೇಟ್ ನಮ್ಮೂರ ಜನವರಿ ಗಾಳಿ, ನಿಂತಲ್ಲೇ ನಿಂತೆ. ನಮ್ಮ ಮುತ್ಯಾ ಜ್ವಾಳ ನೆಲದಾಗ ತೋಡಿದ ಹಗೇವಿನಾಗ ಹಾಕಿ ವರ್ಷಾನುಗಟ್ಲೆ ಇಡ್ತಿದ್ದ, ಒಂದು ಮಷಿನ್ ಇಲ್ಲ ಏನಿಲ್ಲ, ನಮ್ಮ ನೆಲ ಒಣ ಇದ್ದದ್ದಕ್ಕ ಅದು ನಡೀತಿತ್ತು ಅಂತ ನನಗ ತಲ್ಯಾಗ ಹೊಕ್ಕದ್ದು ಅವತ್ತು.

ಹಿಂಗಾಗಿ ರೊಟ್ಟಿ ಹತ್ತೇ ಕಟ್ರಿ, ಮದಲ ವಾರಕ್ಕ. ಹಿಂಡಿ ಎರಡು ಕಿಲೋ ಒಂದೇ ಡಬ್ಬ್ಯಾಗ ಬ್ಯಾಡ, ನೂರು ನೂರು ಗ್ರಾಂ ಪಾಕೀಟು ಸೀಲ್ ಮಾಡಿಸ್ರಿ, ಒಂದು ಒಡದ್ರ ಒಂದೇ ಹೋಗ್ತದ. ಕಾಳು, ಬಿತ್ತೋ ಬೀಜ ಬ್ಯಾಡೇ ಬ್ಯಾಡ, ಅದಕ್ಕ ಅಲ್ಲೀ ಸಸ್ಯ ತಪಾಸಣಿ ಪರ್ಮಿಟ್ ಬೇಕು.

ಹಿಂಡಿದೇ ಇನ್ನೊಂದು ಫಜೀತಿ. ನಮ್ಮ ಮನಿ ಮಾಲಕಿ ಐವತ್ತು ದಾಟಿದಾಕಿ, ಎಲ್ಲಾರೂ ಆಕಿಗಿ ‘ಆತೆ’ ಅಂತಿದ್ರು, ಅಕ್ಕ ಅಂತ ಅರ್ಥ, ನನಗ ಮಾತ್ರ ಸೋದರತ್ತಿನ್ನ ಕರದಂಗೇ ಆಗ್ತಿತ್ತು. ನಾ ಅಲ್ಲಿಗಿ ಹೋದ ಮದಲ ವಾರದಾಗೇ ಆಕಿ ನನ್ನ ಡಬ್ಬಿ ತಗದು ಮೂಸಿ ನೋಡಿ ಇದು ತಿನ್ನೋದೇನು ಅಂತ ಕೇಳಿದ್ಲು. ನಾ ದೊಡ್ಡ ಜಂಬದಲೇ ‘ಹಿಂಡಿ’ ಅಂದೆ. ಅವರ ತಗಾಲೋಗ್ ಮಾತಿನಾಗ ‘ಹಿಂದಿ’ ಅಂದ್ರ ‘ಅಲ್ಲ, ಇಲ್ಲ’ ಅಂತ. ತಿನ್ನೋದಲ್ಲ ಅಂದಳಿಕಿ ಅಂತ ತಿಳ್ಕೊಂಡು, ಕೆಂಪನ್ನ ಪುಡಿ ನೋಡಿ ಔಷಧ ಇರಬೇಕಂತ ಅದನ್ನ ಒಯ್ದು ಸಿಂಕಿನ ತೆಳಗ ಇರಿವಿ ಪುಡಿ ಬಾಜೂಕ ಇಟ್ಟಾಳ! ಎರಡು ದಿನ ಹುಡಕಿದೆ. ಸಿಕ್ಕ ಮ್ಯಾಲ ಆಕಿ ಎದುರಿಗೇ ಒಂದು ಚಮಚ ಬಾಯಾಗ ಹಾಕೊಂಡೆ, ಆಕಿ ಎದಿ ಮ್ಯಾಲ ಕೈಯಿಟ್ಕೊಂಡು ಚೀರಿದ್ದು ಓಣಿಗೆಲ್ಲಾ ಕೇಳಿತು.

ಪ್ರಶ್ನೆ: ನಾವು ಪಕ್ಕಾ ಸಸ್ಯಾಹಾರಿ, ತತ್ತಿ ಸೈತ ಮುಟ್ಟಂಗಿಲ್ಲ. ಅಲ್ಲಿ ಬರೇ ಮೀನ, ಹಂದಿ ಅಂತಾರ. ಉಪಾಸ ಸಾಯ್ತೀನೇನ್ರಿ ಅಕ್ಕಾ? (ವಿದ್ಯಾರ್ಥಿ, ಬಸವಕಲ್ಯಾಣ)

ತಮ್ಮ, ಸಾಯಂಗಿಲ್ಲ. ಸಣ್ಣ ಆಗ್ತಿ ಅಷ್ಟೇ.

ಅಲ್ಲಿ ಮೂರು ಹೊತ್ತೂ ಅನ್ನ. ಮುಂಜಾನಿ ನಾಷ್ಟಾಕ್ಕ ಸೈತ ಅನ್ನ, ಬಳ್ಳೊಳ್ಳಿ ಹಾಕಿ ಹುರದದ್ದು. ಅನ್ನಕ್ಕ ‘ಕಾನಿನ್’ ಅಂತಾರ, ಅಕ್ಕಿಗಿ ‘ಬಿಗಾಸ್’, ಹೊಲದಾಗಿನ ಭತ್ತಕ್ಕ ‘ಪಾಲಾಯ್’. ನೋಡು, ನಮಗೂ ಮೂರು ಮಾತು ಅವ್ರಿಗೂ ಮೂರು ಮಾತು, ಇಂಗ್ಲಿಷ್‌ನವ್ರು ಎಲ್ಲಾದಕ್ಕೂ ರೈಸ್ ಅಂದು ಕೈ ತೊಳಕೊಂಡಾರ. ಅಂದ್ರ ಅಲ್ಲೀ ಮಂದಿ ಉಂಬೋ ವಿಷಯದಾಗ ನಮ್ಮಂಥವ್ರೇ, ಒಂದೇ ಫರಕು, ಅವ್ರು ‘ಗುಲಾಯ್’ ಅಂದ್ರ ತರಕಾರಿ ಅಂತ ಹೌದು ಖರೆ, ಅದರಾಗ ರುಚಿಗಂತ ನಾಕು ಚೂರು ಹಂದಿ ಇಲ್ಲಾ ಒಣ ಸಿಗಡಿ ಇರ್ತದ, ಅವ್ರ ಲೆಕ್ಕದಾಗ ಅದು ಇನ್ನೂ ತರಕಾರಿನೇ! ‘ಪಾತಿಸ್’ ಅನ್ನೋದು ಮೀನ ಕೊಳಸಿ ತಗದ ನೀರು, ‘ಬಗೊಓಂಗ್’ ಅನ್ನೋದು ಸಿಗಡಿ ಇಲ್ಲಾ ಮೀನದ ಗೊಜ್ಜಿನಂಥದ್ದು, ಇವೆರಡೂ ಕಣ್ಣಿಗಿ ಕಾಣಂಗಿಲ್ಲ ನಾಲಗಿಗಿ ಗೊತ್ತಾಗ್ತಾವ. ಶುಕ್ರವಾರ ಬಂತಂದ್ರ ಹೆಸರ ಕಾಳಿನ ‘ಮೊಂಗೊ’ ಮಾಡೋ ರೂಢಿ ಅದ, ಅದರ ಮ್ಯಾಲ ನುಗ್ಗಿ ತಪ್ಪಲ, ಅದಕ್ಕ ‘ಮಲುಂಗಾಯ್’ ಅಂತಾರ. ನೋಡ್ಲಾಕ ನಮ್ಮನಿ ಪಲ್ಯಾನೇ. ನಾ ಖುಷಿಲೆ ಎರಡು ಚಮಚ ಹಾಕಿಸ್ಕೊಂಡೆ, ಮೂರನೇ ತುತ್ತಿಗಿ ಸಿಗಡಿ ಕಣ್ಣು ನನ್ನನ್ನೇ ನೋಡ್ಲತ್ತಿತ್ತು.

ಊಟದ ಅಂಗಡಿಗಿ ‘ತುರೊತುರೊ’ ಅಂತಾರ, ಅಂದ್ರ ಬೆರಳು ತೋರಿಸೋದು, ಗಾಜಿನ ಹಿಂದ ಪಾತ್ರಿ ಸಾಲಾಗಿ ಇಟ್ಟಿರ್ತಾರ, ಇದು ಕೊಡು ಅದು ಕೊಡು ಅಂತ ತೋರಸ್ಬೇಕು. ನೀ ತೋರಿಸೋಕಿಂತ ಮದಲು ಒಂದು ವಾಕ್ಯ ಬಾಯಿಪಾಠ ಮಾಡ್ಕೋ: ‘ಹಿಂದಿ ಪೋ ಅಕೊ ಕುಮಾಕಾಇನ್ ನಂಗ್ ಕಾರ್ನೆ’, ಮಾಂಸ ತಿನ್ನಂಗಿಲ್ರಿ ನಾನು, ಅಂತ. ಇಷ್ಟಂದ್ರ ‘ಹಂಗಾದ್ರ ಕೋಳಿ ತಗೋ’ ಅಂತಾರ, ನಗಬ್ಯಾಡ, ಖರೇನೇ ಅಂತಾರ. ಮೀನ, ಕೋಳಿ, ತತ್ತಿ ಬ್ಯಾಡ ಅಂತ ಒಂದೊಂದೇ ಹೇಳಬೇಕು.

ಖರೇ ದಾರಿ ಅಂದ್ರ ಕೈಯಡಗಿ. ಒಂದು ಸಣ್ಣ ಕುಕ್ಕರ್, ಒಂದು ತವಾ ಒಯ್ಯಿ. ಬದನಿಕಾಯಿ, ಬೆಂಡಿಕಾಯಿ, ಹಾಗಲಕಾಯಿ, ಅಲಸಂದಿ ಮಾರ ಉದ್ದಂದು, ಹಣಸಿ ಹಣ್ಣು, ಎಳನೀರು, ಬಾಳಿಹಣ್ಣು ಎಲ್ಲಾ ಸಂತ್ಯಾಗ ಸಿಗ್ತಾವ. ಪುಂಡಿ ಪಲ್ಯಾ ನಾ ಇದ್ದ ಕಡಿ ಸಿಗ್ಲಿಲ್ಲ, ನಾಕು ವರ್ಷ ಅದರ ಕನಸು ಬಿತ್ತು. ಅಕ್ಕಿ ಹಿಟ್ಟು ಉಬ್ಬಿಸಿ ಮಾಡೋ ‘ಪುತೊ’ ಅಂತ ಒಂದು ಅದ, ಇಡ್ಲಿ ತಂಗಿ ಅನ್ನು, ಸಿಹಿ ಇರ್ತದ. ಅಕ್ಕಾ, ತೊಗರಿ ಬ್ಯಾಳಿ ಅಂತ ಕೇಳ್ತಿ. ‘ಕಾದ್ಯೋಸ್’ ಅಂತಾರ ತೊಗರಿಗಿ, ಇಲೊಇಲೊ ಕಡೀ ಮಂದಿ ಅದನ್ನ ಹಂದಿ ಮಾಂಸ, ಹಲಸಿನಕಾಯಿ ಜೋಡಿ ಕುದಸ್ತಾರ. 2019 ರಾಗ ಜಿಐ ಟ್ಯಾಗ್ ಸಿಕ್ಕ ಕಲಬುರಗಿ ತೊಗರಿ ಮನಿಯಾಕಿ ನಾನು, ಆ ಪಾತ್ರಿ ನೋಡಿ ನನ್ನ ಜೀವ ಏನಾಗಿರಬೇಕು ಹೇಳು. ಬ್ಯಾಳಿ ಮಾಡೋದು ಅವ್ರಿಗಿ ಗೊತ್ತೇ ಇಲ್ಲ, ಅದಕ್ಕ ಬ್ಯಾಳಿ ಮನಿಲಾದ ಇಂಡಿಯನ್ ಅಂಗಡ್ಯಾಗೇ ತರಬೇಕು, ತಿಂಗಳಿಗೊಮ್ಮಿ ಐದಾರು ಮಂದಿ ಪಟ್ಟಿ ಹಾಕಿ ಒಬ್ಬರು ಹೋಗಿ ಬರೋದು.

ಪ್ರಶ್ನೆ: ಅಲ್ಲಿ ಎಲ್ಲಾರಿಗೂ ಇಂಗ್ಲಿಷ್ ಬರ್ತದಂತ, ಅವರ ಭಾಷಾ ಕಲಿಯೋದು ಖಾಲಿಪೀಲಿ ಟೈಮ್ ವೇಸ್ಟ್ ಅಂತ ಏಜೆಂಟ್ ಹೇಳ್ಯಾನ. ಹೌದೇನ್ರಿ? (ಕಲಬುರಗಿ)

ಕ್ಲಾಸಿನಾಗ ಇಂಗ್ಲಿಷ್ ನಡೀತದ, ಜೀಪ್ನಿಯಾಗ ನಡೀತದೇನು?

ಜೀಪ್ನಿ ಅಂದ್ರ ನಮ್ಮ ಟಂಟಂ ಇದ್ದಂಗ, ಉದ್ದಂದು, ಬಾಜೂಕ ಎರಡು ಬೆಂಚು, ಮೈತುಂಬಾ ಬಣ್ಣ. ಕಂಡಕ್ಟರ್ ಇರಂಗಿಲ್ಲ. ರೊಕ್ಕ ‘ಬಾಯಾದ್ ಪೋ’ ಅಂತ ಬಾಜೂಕಿದ್ದವ್ರ ಕೈಯಾಗ ಕೊಡ್ಬೇಕು, ಅವ್ರು ಮುಂದಿನವ್ರಿಗಿ, ಹಿಂಗ ಕೈಯಿಂದ ಕೈಗಿ ಡ್ರೈವರ್ ತನಕ ಹೋಗ್ತದ, ಚಿಲ್ಲರ್ ಹಂಗೇ ತಿರುಗಿ ಬರ್ತದ. ನಾ ಹೋದ ಹೊಸದಾಗ 8 ಪೆಸೊ ಇತ್ತು. ಮದಲ ದಿನ ಯಾರೋ ನನ್ನ ಕೈಯಾಗ ಇಪ್ಪತ್ತರ ನೋಟು ಇಟ್ರು, ನನಗ ಯಾಕ ಕೊಡ್ಲತ್ತಾರ ಅಂತ ಗಾಬರಿಯಾಗಿ ತಿರುಗಿ ಅವರಿಗೇ ಕೊಟ್ಟೆ. ಇಡೀ ಗಾಡಿ ನಕ್ಕಿತು. ಇಳಿಯೋದಕ್ಕ ‘ಪಾರಾ ಪೋ’ ಅನ್ಬೇಕು. ಅಲ್ಲಿ ಯೂನಿವರ್ಸಿಟಿ ಸುತ್ತೋ ಜೀಪ್ನಿಗೋಳಿಗಿ ‘ಕಾನಾನ್’ ಇಲ್ಲಾ ‘ಕಾಲಿವಾ’ ಅಂತ ಬೋರ್ಡು, ಬಲಗಡಿ ಎಡಗಡಿ ಅಂತ ಅಷ್ಟೇ, ಗೊತ್ತಿಲ್ದೆ ಉಲ್ಟಾ ಹತ್ತಿ ಸುತ್ತಿಕೊಂಡು ಮುಟ್ಟೋ ಹೊತ್ತಿಗಿ ನನ್ನ ಮದಲ ಕ್ಲಾಸು ಮುಗದಿತ್ತು.

ಆ ‘ಪೋ’ ಅಂದ್ರ ಏನಂತ ಪುಸ್ತಕದಾಗ ಓದಿದ್ರ ತಿಳಿಯಂಗಿಲ್ಲ, ಕಲಬುರಗಿಯವ್ರಿಗಿ ಮಾತ್ರ ಒಂದು ನಿಮಿಷದಾಗ ತಿಳೀತದ, ಅದು ನಮ್ಮ ‘ರಿ’. ಹೌದ್ರಿ ಅಂದ್ರ ‘ಓಪೋ’. ಅಣ್ಣಾರ ಅನ್ನೋ ಕಡಿ ‘ಕೂಯಾ’, ಅಕ್ಕಾರ ಅನ್ನೋ ಕಡಿ ‘ಆತೆ’. ಬೆಂಗಳೂರು ಹುಡಗಿ ಒಬ್ಬಾಕಿ ನಮ್ಮ ಜೋಡಿ ಇದ್ಲು, ಇಂಗ್ಲಿಷ್ ಪಟಪಟ, ಆಕಿಗಿ ಸಂತ್ಯಾಗ ಯಾವತ್ತೂ ಹೆಚ್ಚಿನ ರೇಟೇ. ನಾ ‘ಪೋ’ ಹಚ್ಚಿ ಕೇಳಿದ್ರ ಎರಡು ಬದನಿಕಾಯಿ ಮ್ಯಾಲ ಹಾಕಿ ಕೊಡ್ತಿದ್ರು. ಕಲಿ, ಮುಖಕ್ಕ ಅವ್ರು ‘ಮುಖಾ’ ಅಂತಾರ, ಗುರುಗಳಿಗಿ ‘ಗುರೊ’ ಅಂತಾರ, ಅರ್ಧ ನಿನಗ ಬಂದೇ ಬಿಟ್ಟದ. ಏಜೆಂಟನ ಮಾತು ಬಿಡು.

ಪ್ರಶ್ನೆ: ಪೇಪರ್ ಕೆಲಸ ಏನೇನು ಇರ್ತದ, ಸುಮ್ನ ಎರಡು ಸಾಲಿನಾಗ ಹೇಳ್ರಿ. (ಹುಮನಾಬಾದ್)

ಸರ್ಟಿಫಿಕೇಟ್‌ಗೋಳಿಗಿ ನಮ್ಮ ವಿದೇಶಾಂಗ ಇಲಾಖೆದ ಅಪೊಸ್ಟಿಲ್ ಮುದ್ರಿ (ಕಾಗದ ಖರೇದು ಅಂತ ಹೊರದೇಶದವ್ರು ಒಪ್ಪೋ ಮುದ್ರಿ) ಹಾಕಿಸ್ರಿ, ನನ್ನ ಕಾಲಕ್ಕ ರಾಯಭಾರ ಕಚೇರಿಗಿ ಬ್ಯಾರೆ ಅಲೀಬೇಕಿತ್ತು, ಅವ್ರ ದೇಶ 2019 ರ ಮೇ 14 ರಿಂದ ಅಪೊಸ್ಟಿಲ್ ಒಪ್ಪಂದದಾಗ ಬಂದದ, ನಿಮಗ ಹಗುರ ಆಗ್ಯಾದ. ಓದೋರಿಗಿ 9ಎಫ್ ವೀಸಾ, ಅದರ ಜೋಡಿ ಎಸಿಆರ್ ಐ-ಕಾರ್ಡ್ ಅಂತ ವಿದೇಶಿಯರ ಗುರುತಿನ ಚೀಟಿ. ಪ್ರತಿ ವರ್ಷ ಮದಲ 60 ದಿನದಾಗ ಇಮಿಗ್ರೇಷನ್ ಆಫೀಸಿಗಿ ವಾರ್ಷಿಕ ಹಾಜರಿ ಹಾಕಬೇಕು, ಮರ್ತ್ರ ದಂಡ. ಸಂಕ್ರಾಂತಿ ಎಳ್ಳು ತಿಂದ ಕೂಡ್ಲೇ ಹೋಗೋದು ಅಂತ ನಾ ನೆನಪಿಟ್ಕೊಂಡಿದ್ದೆ. ಎರಡು ಸಾಲು ಅಂದಿದ್ರಿ, ಐದಾಯ್ತು.

ಪ್ರಶ್ನೆ: ನಮ್ಮದು ಸುರಪುರ ಕಡೀ ಕಾಲುವಿ ನೀರಿನ ಹೊಲ, ಎರಡೂ ಬೆಳಿ ಭತ್ತ. ಪಿಯುಸಿ ಸೈನ್ಸ್ ಮುಗಿಸೀನಿ. ಭತ್ತದ ಬಗ್ಗೆ ಅಲ್ಲೇ ಹೋಗಿ ಓದಬೇಕಂತ ಆಸೆ. ಅಪ್ಪ, ‘ನಾಟಿ ಹಚ್ಚೋದು ಕಲೀಲಾಕ ಸಮುದ್ರ ದಾಟಿ ಹೋಗ್ತಿಯೇನೋ’ ಅಂತಾರ. (ಯಾದಗಿರಿ ಜಿಲ್ಲಾ)

ಅಪ್ಪಾಜಿ ಅಂದದ್ದು ಅರ್ಧ ಖರೆ, ಈಗೇ ಹೋಗೋದು ಬ್ಯಾಡ. ನಿಮ್ಮ ಜಿಲ್ಲಾದಾಗೇ ಭೀಮರಾಯನಗುಡಿ ಕೃಷಿ ಕಾಲೇಜ್ ಅದ, ಮದಲು ಬಿಎಸ್‌ಸಿ ಇಲ್ಲಿ ಮುಗಿಸು, ರೊಕ್ಕನೂ ಉಳೀತದ, ಆಮ್ಯಾಲ ಎಂಎಸ್‌ಸಿ ಇಲ್ಲಾ ಪಿಎಚ್‌ಡಿಗಿ ನೋಡು. ಇನ್ನೊಂದು, ಇರ್ರಿ ಡಿಗ್ರಿ ಕೊಡಂಗಿಲ್ಲ, ಭಾಳ ಮಂದಿ ಇಲ್ಲೇ ಎಡವ್ತಾರ. ಹೆಸರು ಹಚ್ಚೋದು ಬಾಜೂಕಿನ ಯೂನಿವರ್ಸಿಟ್ಯಾಗ, 1909 ರಾಗ ಕೃಷಿ ಕಾಲೇಜಾಗಿ ಶುರು ಆದದ್ದು ಅದು. ಸಂಶೋಧನಾ ಕೆಲಸ ಮಾತ್ರ ಇರ್ರಿ ಹೊಲದಾಗ, ಲ್ಯಾಬಿನಾಗ, ಅಲ್ಲೀ ವಿಜ್ಞಾನಿ ಒಬ್ಬರು ಒಪ್ಕೊಂಡ್ರ ಆಗ್ತದ.

ಈಗ ಅಪ್ಪಾಜಿಗಿ ಇದನ್ನ ಓದಿ ಹೇಳು. 1960 ರಾಗ ಫೋರ್ಡ್, ರಾಕ್‌ಫೆಲರ್ ಪ್ರತಿಷ್ಠಾನ ಮತ್ತ ಅಲ್ಲೀ ಸರ್ಕಾರ ಸೇರಿ ಆ ಸಂಸ್ಥೆ ಕಟ್ಟಿದ್ರು, 1966 ರಾಗ ಐಆರ್8 ಅನ್ನೋ ತಳಿ ಬಂತು. ಇಂಡೋನೇಷ್ಯಾದ ಉದ್ದನ್ನ ಪೇಟಾ, ತೈವಾನ್‌ದ ಗಿಡ್ಡನ್ನ ದೀ-ಜಿಯೋ-ವೂ-ಜೆನ್, ಎರಡರ ಸಂಕರ. ಹಳಿ ಭತ್ತಕ್ಕ ಗೊಬ್ಬರ ಹೆಚ್ಚು ಹಾಕಿದ್ರ ಎತ್ತರಕ್ಕ ಬೆಳೆದು ತೆನಿ ಭಾರಕ್ಕ ಮಲಗಿಬಿಡ್ತಿತ್ತು, ಇದು ಗಿಡ್ಡ ಇದ್ದದ್ದಕ್ಕ ನಿಂತ್ಕೊಂಡಿತು, ತಿಂದ ಗೊಬ್ಬರ ಕಾಳಿಗೇ ಹೋಯ್ತು. ಅಪ್ಪಾಜಿ ಇವತ್ತು ಹಚ್ಚೋ ಗಿಡ್ಡ ತಳಿಗೋಳ ಹಿಂದ ಇಂಥದೇ ಕಥಿ ಅದ. ನಮ್ಮವ್ರೇ ಎಷ್ಟು ಮಂದಿ ಅಲ್ಲಿ ದುಡದಾರ, ಎಂ.ಎಸ್. ಸ್ವಾಮಿನಾಥನ್ 1982 ರಿಂದ 1988 ರ ತನಕ ಮಹಾನಿರ್ದೇಶಕರಿದ್ರು, ಪಂಜಾಬಿನ ಗುರುದೇವ್ ಖುಷ್‌ಗಿ ಭತ್ತದ ಕೆಲಸಕ್ಕೇ 1996 ರಾಗ ವಿಶ್ವ ಆಹಾರ ಪ್ರಶಸ್ತಿ ಬಂತು.

ಕೃಷ್ಣಾಕ್ಕ ಡ್ಯಾಮಿನಿಂದ ನೀರು ಬಿಟ್ಟಾಗ ದಂಡಿ ಹೊಲ ಮುಳಗ್ತಾವಲ್ಲ, ನಾಕು ದಿನ ನೀರು ನಿಂತ್ರ ಭತ್ತ ಕೊಳೀತದ. ಮುಳಗಿದ ಗಿಡ ಗಾಬರಿಯಾಗಿ ಮ್ಯಾಲ ಬರಬೇಕಂತ ಉದ್ದ ಉದ್ದ ಬೆಳೀತದ, ಇದ್ದ ಶಕ್ತಿಯೆಲ್ಲಾ ಅಲ್ಲೇ ಖಾಲಿ, ನೀರು ಇಳಿಯೋದ್ರಾಗ ಸತ್ತಿರ್ತದ. ಸಬ್1 ಅನ್ನೋ ಜೀನ್ ಇದ್ದ ತಳಿ ಹಂಗ ಮಾಡಂಗಿಲ್ಲ, ಉಸಿರು ಹಿಡ್ಕೊಂಡು ಸುಮ್ನ ಕುಂದರ್ತದ, ಎರಡು ವಾರದ ತನಕ. ನೀರು ಇಳಿದ ಮ್ಯಾಲ ಚಿಗಿತದ. ಸ್ವರ್ಣಾ ತಳಿಗಿ ಅದನ್ನ ಕೂಡಿಸಿ ಸ್ವರ್ಣಾ-ಸಬ್1 ಅಂತ 2009 ರಾಗ ನಮ್ಮ ದೇಶದಾಗೇ ಬಿಡುಗಡೆ ಮಾಡ್ಯಾರ. ನಾ ಅಲ್ಲಿ ಮುಳಗಿಸೋ ಹೊಂಡದಾಗ ಹದಿನಾಕು ದಿನ ಆದ ಮ್ಯಾಲ ನೀರು ತಗದದ್ದು ಕಣ್ಣಾರೆ ನೋಡೀನಿ, ಎಡಗಡಿ ಸಾಲು ಕೊಳತು ಸಾರಿನಂಗ ಆಗಿತ್ತು, ಬಲಗಡಿ ಸಾಲು ರಾಡಿ ಮೆತ್ಕೊಂಡು ಹಸರಾಗಿ ನಿಂತಿತ್ತು. ನಾಟಿ ಹಚ್ಚೋದು ಅಪ್ಪಾಜಿಗೇ ಚಲೋ ಬರ್ತದ, ನೀ ಇದನ್ನ ಕಲ್ತು ಬಾ.

ಪ್ರಶ್ನೆ: ಮಗನಿಗಿ ಫಿಲಿಪ್ಪೀನ್ಸ್‌ದಾಗ ಎಂಬಿಬಿಎಸ್ ಸೀಟು ಕೊಡಸ್ತೀನಿ, ಈ ವಾರದಾಗೇ ಅಡ್ವಾನ್ಸ್ ಕಟ್ರಿ ಅಂತಾರ. ಕಟ್ಲೇನು? (ತಂದೆ, ಕಲಬುರಗಿ)

ಅಣ್ಣಾರ, ಈ ವಾರ ಕಟ್ಟಬ್ಯಾಡ್ರಿ. ನಾ ಡಾಕ್ಟರ್ ಅಲ್ಲ, ನಿಯಮ ಓದೀನಿ ಅಷ್ಟೇ. ನ್ಯಾಷನಲ್ ಮೆಡಿಕಲ್ ಕಮಿಷನ್ 2021 ರ ನವೆಂಬರ್ 18 ಕ್ಕ ನಿಯಮ ತಂದದ, ಹೊರದೇಶದ ಕೋರ್ಸು ಕಮ್ಮಿ ಅಂದ್ರ 54 ತಿಂಗಳದ್ದಿರಬೇಕು, ಇಂಗ್ಲಿಷ್‌ದಾಗ ಕಲಿಸಿರಬೇಕು, ಅದೇ ಸಂಸ್ಥಾದಾಗ 12 ತಿಂಗಳ ಇಂಟರ್ನ್‌ಶಿಪ್ ಬ್ಯಾರೆ, ಆ ದೇಶದಾಗ ಅಲ್ಲೀ ಮಂದಿ ಹಂಗೇ ವೈದ್ಯಕಿ ಮಾಡೋ ಲೈಸೆನ್ಸ್ ಸಿಗೋವಂಥ ಡಿಗ್ರಿ ಇರಬೇಕು, ಇಷ್ಟೂ ಸೇರಿದ ದಿನದಿಂದ 10 ವರ್ಷದಾಗ ಮುಗೀಬೇಕು. ಅಲ್ಲಿ ರೂಢಿ ಏನಂದ್ರ ಮದಲು ಬಿಎಸ್ (ನಮ್ಮ ಬಿಎಸ್‌ಸಿ ಇದ್ದಂಗ), ಆಮ್ಯಾಲ 4 ವರ್ಷದ ಎಂಡಿ (ಅಲ್ಲೀದು ನಮ್ಮ ಎಂಬಿಬಿಎಸ್ ಇದ್ದಂಗ). 4 ವರ್ಷ ಅಂದ್ರ 48 ತಿಂಗಳ, ಬಿಎಸ್‌ದಾಗ ಓದೋದು ಜೀವಶಾಸ್ತ್ರದಂಥದ್ದು, ವೈದ್ಯಕೀಯ ಅಲ್ಲ. ಇದೇ ಆರು ತಿಂಗಳದ ಅಂತರದಾಗ ಎಷ್ಟೋ ಹುಡುಗರ ಕಾಲು ಸಿಕ್ಕೊಂಡಾವ. ನೀಟ್ ಪಾಸಿರಬೇಕು, ತಿರುಗಿ ಬಂದ ಮ್ಯಾಲ 300 ಪ್ರಶ್ನೆದ ಪರೀಕ್ಷೆದಾಗ 150 ಬರಬೇಕು. ಏಜೆಂಟನಿಗಿ ಈ 54 ರ ಲೆಕ್ಕ ಒಂದು ಕಾಗದದ ಮ್ಯಾಲ ಕೋರ್ಸಿನ ತಾರೀಖು ಸಮೇತ ಬರದು ಸಹಿ ಮಾಡಿ ಕೊಡು ಅನ್ರಿ, ಆಮ್ಯಾಲ ಕಮಿಷನ್‌ಗೇ ಬರದು ಕೇಳ್ರಿ. ಹೊಲ ಮಾರೋ ಮಾತು ಪತ್ರದಾಗ ಬರದೀರಿ, ಅದಕ್ಕ ಇಷ್ಟು ನೆಟ್ಟಗ ಹೇಳ್ಲತ್ತೀನಿ.

ಪ್ರಶ್ನೆ: ಅಕ್ಕಾ, ನಾ ಇಲ್ಲಿಗಿ ಬಂದು ಎರಡು ತಿಂಗಳಾಯ್ತು. ಮಳಿ ನಿಲ್ಲವಲ್ದು. ಯಾರಿಗಿ ಏನ್ ಕೇಳಿದ್ರೂ ಉತ್ತರ ಕೊಡಂಗಿಲ್ಲ, ಹುಬ್ಬು ಏರಸ್ತಾರ ಅಷ್ಟೇ. ಮನ್ನಿ ನಾ ಕಾಲು ಜಾರಿ ಬಿದ್ರ ನಕ್ರು. ಚಂಡಮಾರುತ ಬ್ಯಾರೆ ಬರ್ತದಂತ. ತಿರುಗಿ ಬಂದ್ಬಿಡ್ಲೇನು? (ಬೀದರ ಹುಡಗಿ, ಈಗ ಲೋಸ್ ಬಾನ್ಯೋಸ್)

ತಂಗಿ, ಹುಬ್ಬು ಏರಿಸಿದ್ದೇ ಉತ್ತರ. ಅದರ ಅರ್ಥ ‘ಹೌದು’. ನಮ್ಮ ಕಡಿ ‘ಚ್’ ಅಂದ್ರ ಇಲ್ಲ ಅಂತ ತಿಳ್ಕೋತೀವಲ್ಲ, ಹಂಗ. ನಾ ಲ್ಯಾಬಿನಾಗ ಒಬ್ಬನಿಗಿ ‘ಒಲಿ ಬಂದ್ ಮಾಡಿಯೇನು’ ಅಂತ ಮೂರು ಸಲ ಕೇಳಿದೆ, ಅವ ಮೂರು ಸಲ ಹುಬ್ಬು ಏರಿಸಿದ, ಎಷ್ಟು ಸೊಕ್ಕು ಇವನಿಗಿ ಅಂತ ನಾಕನೇ ಸಲ ಒದರಿದೆ, ಪಾಪ ಹೆದರಿ ಓಡಿ ಹೋಗಿ ಬಂದಾಗಿದ್ದ ಒಲಿ ಮತ್ತೊಮ್ಮಿ ಬಂದ್ ಮಾಡಿ ಬಂದ. ದಾರಿ ಕೇಳಿದ್ರ ತುಟಿ ಮುಂದ ಚಾಚ್ತಾರ, ಆ ಕಡಿ ಅದ ಅಂತ, ಬ್ಯಾರೆ ಏನೂ ಅಲ್ಲ, ನಾ ಮದಲು ಏನೇನೋ ತಿಳ್ಕೊಂಡಿದ್ದೆ. ಇನ್ನ ನಗು, ಅವ್ರು ಅವಮಾನ ಆದಾಗೂ ನಗ್ತಾರ, ಗಾಬರಿ ಆದಾಗೂ ನಗ್ತಾರ. ಬಿದ್ದಾಗ ನಕ್ಕವ್ರೇ ನಿನ್ನ ಎಬ್ಬಿಸಿದ್ರೋ ಇಲ್ಲೋ? ಪತ್ರದಾಗ ಅದು ಬರದಿಲ್ಲ ನೀ.

ಚಂಡಮಾರುತಕ್ಕ ಪಗಾಸಾ ಅನ್ನೋ ಅವ್ರ ಹವಾಮಾನ ಇಲಾಖೆ ಸಿಗ್ನಲ್ ನಂಬರ್ ಕೊಡ್ತದ, 1 ರಿಂದ 5. ನನ್ನ ಕಾಲಕ್ಕ ಮದಲು 4 ಇತ್ತು, 2015 ರಾಗ 5 ಕೂಡಿಸಿದ್ರು. ನಂಬರ್ ನೋಡ್ಕೊಂಡು ನಡಿ, ಗೆಳತ್ಯಾರ ವಾಟ್ಸಾಪ್ ನೋಡಬ್ಯಾಡ. ನಾ ಉಂಡದ್ದು ಗ್ಲೆಂಡಾ, 2014 ರ ಜುಲೈ 16, ಹೊರಗಿನವ್ರು ರಾಮಸೂನ್ ಅಂತಿದ್ರು, ಅಲ್ಲಿ ಒಂದೇ ಗಾಳಿಗಿ ಎರಡು ಹೆಸರು. ನಸುಕಿನಾಗ ತಗಡಿನ ಮನಿ ಮಾಳಗಿ ಹರದು ಹಾರಿದ ಸಪ್ಪಳ ಇನ್ನೂ ಕಿವ್ಯಾಗದ. ಒಂಬತ್ತು ದಿನ ನಮ್ಮ ಓಣ್ಯಾಗ ಕರೆಂಟ್ ಇಲ್ಲ, ಅವ್ರು ಅದಕ್ಕ ‘ಬ್ರೌನ್‌ಔಟ್’ ಅಂತಾರ. ಬಕೆಟ್ ತುಂಬಿಟ್ಕೋ, ಪವರ್‌ಬ್ಯಾಂಕ್ ಚಾರ್ಜ್ ಇಡು, ಒಂದು ಟಾರ್ಚ್. ಮತ್ತ ರಸ್ತಾದ ಮ್ಯಾಲ ನಿಂತ ನೀರಿನಾಗ ಕಾಲಿಡಬ್ಯಾಡ, ಕಾಲಿಗಿ ಗಾಯ ಇದ್ರಂತೂ ಬ್ಯಾಡೇ ಬ್ಯಾಡ, ಇಲಿ ಉಚ್ಚಿಯಿಂದ ಇಲಿ ಜ್ವರ ಬರ್ತದ, ಪ್ರತಿ ಮಳಿಗಾಲಕ್ಕ ಅಲ್ಲಿ ಬರೋದೇ ಅದು. ಇಟ್ಟೇಬಿಟ್ಟಿ ಅಂದ್ರ ಅವತ್ತೇ ಹೆಲ್ತ್ ಸೆಂಟರಿಗಿ ಹೋಗಿ ಹೇಳು, ತಡೀಲಾಕ ಗುಳಿಗಿ ಕೊಡ್ತಾರ. ಡೆಂಗಿ ಸೊಳ್ಳಿ ಹಗಲಿ ಕಡೀತದ, ರಾತ್ರಿ ಪರದಿ ಕಟ್ಟಿದ್ರ ಸಾಕಾಗಂಗಿಲ್ಲ.

ಆ ಒಂಬತ್ತು ದಿನದಾಗೇ ನಮ್ಮ ಆತೆ ಇದ್ದಲಿ ಒಲಿ ಅಂಗಳದಾಗ ಹಚ್ಚಿ ಇಡೀ ಓಣಿಗಿ ಅನ್ನ ಕುದಿಸಿದ್ಲು. ಫ್ರಿಡ್ಜ್‌ದಾಗಿನ ಮೀನ ಕೆಡ್ತಾವಂತ ಎಲ್ಲಾರೂ ತಂದು ಅಲ್ಲೇ ಸುಟ್ಟು ತಿಂದ್ರು, ನನಗಂತ ಆಕಿ ಬ್ಯಾರೆ ಪಾತ್ರ್ಯಾಗ ಅನ್ನ ತಗದು ಮ್ಯಾಲ ಎಳಿ ನುಗ್ಗಿ ತಪ್ಪಲ ಇಟ್ಲು, ‘ಹಿಂಡಿ?’ ಅಂತ ಕೇಳಿದ್ಲು, ಅದನ್ನ ತಗೊಂಡು ಬಾ ಅಂತ. ಉಳದ ಕಡೀ ಪಾಕೀಟು ಒಡದೆ. ಅವತ್ತಿನಿಂದ ಓಣಿ ಹುಡುಗರು ಮೀನಕ್ಕೂ ಅದನ್ನೇ ಹಚ್ಕೊಂಡು ತಿನ್ನೋದು ಶುರು ಮಾಡಿದ್ರು, ನಮ್ಮವ್ವಗ ಇವತ್ತಿಗೂ ಈ ಮಾತು ಹೇಳಿಲ್ಲ ನಾ.

ಎರಡನೇ ತಿಂಗಳ ಎಲ್ಲಾರಿಗೂ ಹಿಂಗೇ ಇರ್ತದ. ಮಳ್ಯಾಗ ಕುಂತು ಟಿಕೆಟ್ ತಗೀಬ್ಯಾಡ, ನವೆಂಬರ್ ಕಳದು ಗಾಳಿ ತಿರುಗ್ತದ, ಅದಕ್ಕ ‘ಅಮಿಹಾನ್’ ಅಂತಾರ, ಅರಿವಿ ಒಂದೇ ದಿನಕ್ಕ ಒಣಗ್ತಾವ, ಅವತ್ತು ವಿಚಾರ ಮಾಡು. ಅವ್ವಗ ರಾತ್ರಿ ಹನ್ನೊಂದೂವರಿಗಿ ಫೋನ್ ಹಚ್ಚಬ್ಯಾಡ, ಅಲ್ಲೀದು ನಮ್ಮಕ್ಕಿಂತ ಎರಡೂವರಿ ತಾಸು ಮುಂದ ಖರೆ, ಆದ್ರ ಬೀದರದಾಗ ಆಗ ಒಂಬತ್ತು, ಸೀರಿಯಲ್ ಟೈಮು, ಆಕಿ ಅರ್ಧ ಕಿವಿ ಅಲ್ಲಿಟ್ಟಿರ್ತಾಳ, ನೀ ಮತ್ತ ಸಿಟ್ಟಾಗ್ತಿ. ಡಿಸೆಂಬರ್‌ದಾಗ ಇನ್ನೊಂದು ಪತ್ರ ಬರಿ. ಹಾಂ, ಕ್ಲಾಸಿನ ಬಾಗಿಲ ಹೊರಗ ಛತ್ರಿ ಇಟ್ಟು ಒಳಗ ಹೋಗಬ್ಯಾಡ, ಅಲ್ಲಿ ಯಾರೂ ಏನೂ ಕದೀಯಂಗಿಲ್ಲ, ಛತ್ರಿ ಬಿಟ್ಟು. ನನ್ನವು ಏಳು ಹೋದ್ವು.